ರಕ್ತದೊತ್ತಡ: ಜಮಾ-ಖರ್ಚಿನಲ್ಲಿ ಕಾಣದ ಹೊಣೆಗಾರಿಕೆ

ಬೀದರ್ ನಗರದಲ್ಲಾಗಲಿ, ಭಾಲ್ಕಿ ಹಾಗೂ ಔರಾದ್ ಪೇಟೆಗಳಲ್ಲಾಗಲಿ ಅನೇಕ ವಹಿವಾಟುಗಳು ಒಬ್ಬನೇ ಮಾಲೀಕನ ಹೆಗಲ ಮೇಲೆ ನಿಂತಿವೆ. ಯಾವ ರೈತನಿಗೆ ಎಷ್ಟು ಮುಂಗಡ, ಯಾವ ಗಿರಾಕಿಯ ಉದ್ರಿ ಎಷ್ಟು, ತೊಗರಿಗೆ ಯಾವ ಧಾರಣೆ ಮಾತಾಗಿದೆ ಎಂಬುದು ಖಾತೆ ಪುಸ್ತಕಕ್ಕೆ ಏರುವ ಮುನ್ನ ಆತನ ನೆನಪಿನಲ್ಲಿರುತ್ತದೆ. ಯಂತ್ರಕ್ಕೆ ಸವಕಳಿ ಕಳೆಯುವ, ದಾಸ್ತಾನಿಗೆ ವಿಮೆ ಮಾಡಿಸುವ ವ್ಯಾಪಾರಿಯು ಈ ಆಸ್ತಿಯ ರಕ್ಷಣೆಯನ್ನು ಮಾತ್ರ ಮರೆಯುತ್ತಾನೆ.

ಅಧಿಕ ರಕ್ತದೊತ್ತಡವೆಂದರೆ ಹೃದಯ ಮತ್ತು ಮೂತ್ರಪಿಂಡಗಳ ಕಾಯಿಲೆ ಎಂಬುದು ರೂಢಿಯ ತಿಳಿವಳಿಕೆ. ಆದರೆ ಅದು ಮೆದುಳಿನ ಸೂಕ್ಷ್ಮ ರಕ್ತನಾಳಗಳನ್ನೂ ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸುತ್ತದೆ. ಇಂತಹ ಹಾನಿಯಲ್ಲಿ ಲೆಕ್ಕಾಚಾರ, ಯೋಜನೆ ಮತ್ತು ನಿರ್ಧಾರದ ಚುರುಕು ಅನೇಕರಲ್ಲಿ ಮೊದಲು ಕುಗ್ಗುತ್ತವೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದ ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. 50ನೆಯ ವಯಸ್ಸಿನಲ್ಲಿ ಮೇಲಿನ ಒತ್ತಡ 130 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಮುಂದೆ ಮರೆಗುಳಿ ರೋಗದ ಸಂಭವ ಅಧಿಕವಾಗಿತ್ತು; 60 ಮತ್ತು 70ರಲ್ಲಿ ಅಳೆದ ಒತ್ತಡಕ್ಕೆ ಅಂತಹ ನಂಟು ಕಾಣಲಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗಿಳಿಸುವ ಚಿಕಿತ್ಸೆ ಪಡೆದವರಲ್ಲಿ ಸೌಮ್ಯ ಬೌದ್ಧಿಕ ಕುಸಿತ ಕಡಿಮೆಯಾಯಿತು. ಮರೆಗುಳಿ ರೋಗವೇ ತಗ್ಗುತ್ತದೆ ಎಂಬುದು ಮಾತ್ರ ಖಚಿತವಾಗಿ ಸಿದ್ಧವಾಗಲಿಲ್ಲ. ನಮ್ಮ ರಾಜ್ಯದಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಗ್ರಾಮೀಣರನ್ನು ದೀರ್ಘಕಾಲದ ಅಧ್ಯಯನಕ್ಕೆ ಒಳಪಡಿಸಿದೆ.

ಇದಕ್ಕೆ ಕಾನೂನಿನ ಮುಖವೂ ಉಂಟು. 1872ರ ಭಾರತೀಯ ಕರಾರು ಅಧಿನಿಯಮದ 12ನೆಯ ಕಲಮಿನಂತೆ, ಕರಾರಿನ ಅರ್ಥವನ್ನು ತಿಳಿದು ಅದು ತನ್ನ ಹಿತಕ್ಕೆ ಒದಗುವುದೇ ಎಂದು ವಿವೇಚಿಸಬಲ್ಲವನು ಮಾತ್ರ ಸ್ವಸ್ಥಚಿತ್ತನು. ಸಣ್ಣಪುಟ್ಟ ಮರೆವಿನಿಂದ ಯಾರೂ ಆ ಅರ್ಹತೆ ಕಳೆದುಕೊಳ್ಳುವುದಿಲ್ಲ, ನಿಜ. ಆದರೆ ಕುಸಿತ ಆ ಮಟ್ಟಕ್ಕೆ ಮುಟ್ಟಿದರೆ, 201ನೆಯ ಕಲಮಿನ ಪ್ರಕಾರ ಮಗನಿಗೆ ಬರೆದುಕೊಟ್ಟ ಅಧಿಕಾರ ಪತ್ರವೂ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಯಾವ ಸಂದರ್ಭಕ್ಕೆಂದು ಅದನ್ನು ಬರೆಸಲಾಯಿತೋ ಆ ಸಂದರ್ಭದಲ್ಲಿಯೇ ಅದು ನೆರವಿಗೆ ಬಾರದು. ಆದುದರಿಂದ ಉತ್ತರಾಧಿಕಾರದ ಏರ್ಪಾಡು, ಪಾಲುದಾರಿಕೆ ಪತ್ರ, ಉದ್ರಿಯ ಲಿಖಿತ ದಾಖಲೆ ಇವೆಲ್ಲವೂ ಬುದ್ಧಿ ಚುರುಕಾಗಿರುವಾಗಲೇ ಆಗಬೇಕು.

"ತಲೆನೋವಿಲ್ಲ, ತಲೆಸುತ್ತಿಲ್ಲ, ಬಿ.ಪಿ. ಏಕೆ ನೋಡಿಸಬೇಕು?" ಎಂಬ ಮಾತು ಅಂಗಡಿಗಳಲ್ಲಿ ಸಾಮಾನ್ಯ. ಲಕ್ಷಣ ತೋರದಿರುವುದೇ ಈ ಕಾಯಿಲೆಯ ಸ್ವಭಾವ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯ ವ್ಯವಸ್ಥೆಯಿದೆ. ಒತ್ತಡವು ಪದೇ ಪದೇ 140/90ರ ಮೇಲಿದ್ದರೆ ವೈದ್ಯರನ್ನು ಕಾಣಬೇಕು. ಒತ್ತಡ ಇಳಿಯಿತೆಂದು ಗುಳಿಗೆಯನ್ನು ತಾನಾಗಿ ನಿಲ್ಲಿಸಬಾರದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರೊಟ್ಟಿಯೊಡನೆ ಬರುವ ಉಪ್ಪಿನಕಾಯಿ, ಹಪ್ಪಳಗಳೂ ಆ ಲೆಕ್ಕಕ್ಕೆ ಸೇರತಕ್ಕವು.

ತಕ್ಕಡಿಗೆ ನಿಯತಕಾಲಕ್ಕೆ ಸರ್ಕಾರಿ ಮುದ್ರೆ ಬೀಳದಿದ್ದರೆ ದಂಡ ತಪ್ಪದು. ತಕ್ಕಡಿ ಹಿಡಿಯುವವನಿಗೆ ಅಂತಹ ನಿಯಮವಿಲ್ಲ. ಆ ಕೊರತೆಯನ್ನು ವ್ಯಾಪಾರಿ ಸಂಘಗಳೇ ತುಂಬಬೇಕು. ವರ್ಷಕ್ಕೆ ಎರಡು ಬಾರಿ ಬೀದರ್, ಭಾಲ್ಕಿ, ಔರಾದ್‌ಗಳ ಮಾರುಕಟ್ಟೆಯಲ್ಲಿಯೇ ಸದಸ್ಯರು, ಗುಮಾಸ್ತರು ಮತ್ತು ಹಮಾಲರ ರಕ್ತದೊತ್ತಡ ಅಳೆಯುವ ಏರ್ಪಾಡಾದರೆ, ತಗಲುವ ವೆಚ್ಚ ಅತ್ಯಲ್ಪ, ಉಳಿಯುವ ಬಂಡವಾಳ ಅಪಾರ.