ಮಗುವನ್ನ ಅಳೆಯೋ ಮೊದಲು ಆ ಕೋಣೆನ ಒಮ್ಮೆ ನೋಡಿ

ಭಾಗ 1/6
ಆಟಿಸಂ ಪತ್ತೆ ಮಾಡೋಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಇರೋದು ಎರಡೇ ದಾರಿ: ಮಗು ಹೇಗೆ ನಡೆದುಕೊಳ್ಳುತ್ತೆ ಅಂತ ನೋಡೋದು, ಮನೆಯವರನ್ನ ವಿವರವಾಗಿ ಕೇಳೋದು. ನೋಡೋದೇ ಪರೀಕ್ಷೆ ಅಂದಮೇಲೆ, ಎಲ್ಲಿ ಕೂರಿಸಿ ನೋಡ್ತೀರಿ ಅನ್ನೋದೂ ಪರೀಕ್ಷೆಯ ಭಾಗವೇ. ಬಿಪಿ ನೋಡೋಕೆ ಮುಂಚೆ ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ ಅಂತಾರಲ್ಲ? ಓಡಿ ಬಂದವರ ಬಿಪಿ ಜಾಸ್ತಿ ತೋರಿಸುತ್ತೆ ಅಂತ ಎಲ್ರಿಗೂ ಗೊತ್ತು. ಮೂರು ವರ್ಷದ ಮಗುವಿಗೆ ಮಾತ್ರ ಆ ಐದು ನಿಮಿಷ ಯಾಕೆ ಸಿಗಲ್ಲ?

ಭಾಗ 2/6
ಎಷ್ಟೋ ಕಡೆ ನಡೆಯೋದು ಹೀಗೆ. ಬೆಳಗ್ಗೆ ಟೋಕನ್, ಮಧ್ಯಾಹ್ನ ಕರೆ. ಅಷ್ಟೊತ್ತು ಮಗು ಕಿಕ್ಕಿರಿದ ಓಪಿಡಿ ಸಾಲಲ್ಲಿ. ಮೈಕಲ್ಲಿ ಹೆಸರು ಕೂಗ್ತಾರೆ, ಫಿನಾಯಿಲ್ ವಾಸನೆ, ಮಿಣುಕೋ ಟ್ಯೂಬ್‌ಲೈಟ್, ಗರಗರ ಅನ್ನೋ ಫ್ಯಾನ್. ನಿದ್ದೆ ಹೊತ್ತು, ಊಟದ ಹೊತ್ತು ಎರಡೂ ಮೀರಿರುತ್ತೆ. ಒಳಗೆ ಹೋದ್ರೆ ದೊಡ್ಡವರ ಕುರ್ಚಿ, ಕಾಲು ನೆಲಕ್ಕೆ ಎಟುಕಲ್ಲ. ಬಾಗಿಲು ಪದೇ ಪದೇ ತೆಗೀತಾರೆ, ಮುಂದಿನ ಪೇಷಂಟ್ ಇಣುಕಿ ನೋಡ್ತಾರೆ. ಆಗ ಮಗು ಕಿವಿ ಮುಚ್ಚಿಕೊಂಡ್ರೆ, ಬಾಗಿಲ ಕಡೆ ಓಡಿದ್ರೆ, ಕರೆದಾಗ ತಿರುಗದಿದ್ರೆ ಅದನ್ನ ಬರೆದುಕೊಳ್ತಾರೆ. ಮಿಣುಕೋ ಟ್ಯೂಬ್‌ಲೈಟ್ ಬಗ್ಗೆ ರಿಪೋರ್ಟಲ್ಲಿ ಒಂದು ಸಾಲೂ ಇರಲ್ಲ.

ಭಾಗ 3/6
"ಅಷ್ಟಕ್ಕೆಲ್ಲ ಫಲಿತಾಂಶ ಬದಲಾಗುತ್ತಾ?" ಅಂತೀರಾ? ಲೆಕ್ಕ ನೋಡಿ. ನಮ್ಮ ದೇಶದಲ್ಲಿ ಪ್ರಮಾಣಪತ್ರಕ್ಕೆ ಬಳಸೋ ಮಾಪನ ಐಸಾ. ಅದರಲ್ಲಿ 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. 70ಕ್ಕಿಂತ ಕಮ್ಮಿ ಬಂದ್ರೆ ಆಟಿಸಂ ಇಲ್ಲ ಅಂತ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಕಣ್ಣಿಗೆ ಕಣ್ಣು ಕೊಡೋದು, ಚಡಪಡಿಕೆ, ಶಬ್ದಕ್ಕೆ ಪ್ರತಿಕ್ರಿಯೆ ಇಂಥ ಹತ್ತು ಅಂಶಗಳಲ್ಲಿ ಕೋಣೆಯ ಕಾಟದಿಂದ ಒಂದೊಂದೇ ಅಂಕ ಏರಿದ್ರೂ 65 ಇದ್ದದ್ದು 75 ಆಯ್ತು. ಇನ್ನೊಂದು ವಿಷಯ: ಆ ಅಂಕಗಳು ಹೇಳಬೇಕಾದ್ದು ಒಂದು ವರ್ತನೆ "ಅಪರೂಪಕ್ಕಾ, ಯಾವಾಗಲೂನಾ" ಅಂತ. ಸುಸ್ತಾದ ಮಗುವನ್ನ ಇಪ್ಪತ್ತು ನಿಮಿಷ ನೋಡಿ "ಯಾವಾಗಲೂ" ಅಂತ ಬರೆಯೋದು ಹೇಗೆ?

ಭಾಗ 4/6
ತಪ್ಪು ಒಂದೇ ದಿಕ್ಕಿಗೆ ಆಗಲ್ಲ. ಗಲಾಟೆಗೆ ಹೆದರಿ ಮುದುಡಿ ಕೂತ ಮಗುವನ್ನ ನೋಡಿ "ನಾಚಿಕೆ ಸ್ವಭಾವ, ಸರಿಹೋಗ್ತಾಳೆ" ಅಂತ ಕಳಿಸೋದೂ ಉಂಟು. ತಮ್ಮ ಕಷ್ಟ ಮರೆಮಾಚೋದನ್ನ ಕಲಿತ ಹೆಣ್ಣುಮಕ್ಕಳಿಗೆ ಇದು ಹೆಚ್ಚು ಆಗುತ್ತೆ. ಆಮೇಲೆ ವರ್ಷಗಟ್ಟಲೆ ಯಾವ ಸಹಾಯವೂ ಇಲ್ಲ.
"ಶಬ್ದ ಬೆಳಕು ತಡೆಯೋಕಾಗ್ದಿರೋದೂ ಆಟಿಸಂ ಲಕ್ಷಣ ತಾನೆ? ಗಲಾಟೆಯಲ್ಲೇ ನೋಡಿದ್ರೆ ಒಳ್ಳೇದಲ್ವಾ?" ಅಂತ ಕೆಲವರು ಕೇಳ್ತಾರೆ. ಹೌದು, 2013ರ ಡಿಎಸ್ಎಂ-5ರಿಂದ ಅದೂ ಮಾನದಂಡಗಳಲ್ಲಿ ಸೇರಿದೆ. ಆದ್ರೆ ಶಾಂತವಾಗಿದ್ದಾಗ ಮಗು ಹೇಗಿರುತ್ತೆ ಅಂತ ನೋಡದೆ, ಗಲಾಟೆಯಿಂದ ಏನು ಬದಲಾಯ್ತು ಅಂತ ಹೇಳೋದು ಹೇಗೆ? ಎರಡನ್ನೂ ನೋಡಿ. ಒಂದನ್ನೇ ನೋಡಿ ತೀರ್ಪು ಕೊಡಬೇಡಿ.

ಭಾಗ 5/6
"ದುಡ್ಡೆಲ್ಲಿದೆ?" ಅನ್ನೋದು ಮುಂದಿನ ಮಾತು. ದುಡ್ಡೇ ಬೇಡದ ಪಟ್ಟಿ ತಗೊಳ್ಳಿ:
▪️ ಮೌಲ್ಯಮಾಪನಕ್ಕೆ ಬೇರೆ ಸಮಯ ಕೊಡಿ, ಟೋಕನ್ ಸಾಲಿಗೆ ಹಾಕಬೇಡಿ
▪️ ಮಿಣುಕೋ ಲೈಟ್ ಆರಿಸಿ, ಕಿಟಕಿ ತೆಗೀರಿ
▪️ ಗೋಡೆಯ ಬಣ್ಣಬಣ್ಣದ ಚಾರ್ಟ್ ಇಳಿಸಿ
▪️ ಬೇಡದ ಆಟಿಕೆ ಕಣ್ಣಿಗೆ ಬೀಳದ ಹಾಗೆ ಇಡಿ
▪️ ಬಾಗಿಲಿಗೆ "ಒಳಗೆ ಬರಬೇಡಿ" ಬೋರ್ಡ್ ಹಾಕಿ
▪️ ನೆಲದ ಮೇಲೆ ಒಂದು ಚಾಪೆ ಹಾಸಿ. ಅಪ್ಪನೋ ಅಮ್ಮನೋ ಅಜ್ಜಿಯೋ ಪಕ್ಕದಲ್ಲಿರಲಿ
▪️ ಮೊದಲ ಹದಿನೈದು ನಿಮಿಷ ಏನೂ ಕೇಳಬೇಡಿ, ಮಗು ಕೋಣೆಗೆ ಒಗ್ಗಿಕೊಳ್ಳಲಿ
ಇದಕ್ಕೆ ಯಾವ ಟೆಂಡರ್ ಬೇಕು ಹೇಳಿ? ಸಿಬ್ಬಂದಿ ಕಮ್ಮಿ ಇರೋದು, ವೈದ್ಯರ ಮೇಲೆ ಹೊರೆ ಇರೋದು ನಿಜ. ಆದ್ರೆ ಆ ಹೊರೆನ ಮಗುವಿನ ಅಂಕಪಟ್ಟಿಗೆ ಹಾಕೋದು ನ್ಯಾಯ ಅಲ್ಲ.

ಭಾಗ 6/6
ಇದು ನಾವು ಬೇಡೋ ದಯೆ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರ 25ನೇ ಸೆಕ್ಷನ್ ಪ್ರಕಾರ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳ ಎಲ್ಲಾ ಭಾಗಗಳಲ್ಲೂ ಅಡೆತಡೆ ಇಲ್ಲದ ಪ್ರವೇಶ ಇರಬೇಕು, ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು. ರ‍್ಯಾಂಪ್ ಕಟ್ಟಿಸಿದ್ರೆ ಮುಗೀತು ಅಂದ್ಕೊಂಡಿದಾರೆ. ಗಾಲಿಕುರ್ಚಿಗೆ ಮೆಟ್ಟಿಲು ಹೇಗೋ, ಈ ಮಕ್ಕಳಿಗೆ ಮೈಕಿನ ಕೂಗು ಹಾಗೆ.

ಅಪ್ಪ ಅಮ್ಮಂದಿರೇ, ಹೋಗೋ ಮುಂಚೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಎಷ್ಟು ಹೊತ್ತು ಕಾಯಬೇಕು? ಕೋಣೆ ಹೇಗಿದೆ? ನಾವು ಒಳಗಿರಬಹುದಾ? ಮಗು ಮನೆಯಲ್ಲಿ ಆಡೋ, ಊಟ ಮಾಡೋ ವಿಡಿಯೋ ತಗೊಂಡು ಹೋಗಿ ತೋರಿಸಿ. ಆ ದಿನ ಮಗು ನಿದ್ದೆಗೆಟ್ಟಿತ್ತು, ಹಸಿದಿತ್ತು, ಗಲಾಟೆ ಇತ್ತು ಅಂದ್ರೆ ಅದನ್ನೂ ರಿಪೋರ್ಟಲ್ಲಿ ಬರೀರಿ ಅಂತ ಹೇಳಿ. ಬರೆಯಲ್ಲ ಅಂದ್ರೆ, "ಮತ್ತೊಂದು ದಿನ ನೋಡಿ" ಅಂತ ಕೇಳಿ. ಹಿಂಜರಿಯಬೇಡಿ. ಆ ಒಂದು ಹಾಳೆ ಹಿಡಿದು ಶಾಲೆಗೆ, ಥೆರಪಿಗೆ, ಪಿಂಚಣಿ ಕಚೇರಿಗೆ ಅಲೆಯೋರು ನೀವೇ.

ಸೇವ್ ಮಾಡ್ಕೊಳ್ಳಿ. ಅಪಾಯಿಂಟ್‌ಮೆಂಟ್ ಕಾಯ್ತಿರೋ ಒಬ್ಬರಿಗಾದ್ರೂ ಕಳಿಸಿ.

#ಆಟಿಸಂ #ಕೋಣೆಬದಲಾಗಲಿ #ಕನ್ನಡದಲ್ಲಿಆಟಿಸಂ