ಮಾರಾಟವಿದ್ಯೆಯ ಮೊದಲ ಮೆಟ್ಟಿಲು

ಮೊದಲನೆಯ ಮಹಾಯುದ್ಧದ ದೆಸೆಯಿಂದ ಯೂರೋಪಿನ ಹಾದಿ ಮುಚ್ಚಿ, ಮೈಸೂರು ಸಂಸ್ಥಾನದ ಶ್ರೀಗಂಧದ ಮರವು ಕೊಳ್ಳುವವರಿಲ್ಲದೆ ರಾಶಿಬಿದ್ದಿದ್ದ ಕಾಲದಲ್ಲಿ, ಅದರಿಂದ ಎಣ್ಣೆ ತೆಗೆಯುವ ಕಾರ್ಖಾನೆ 1916ರಲ್ಲಿಯೂ, ಆ ಎಣ್ಣೆಯಿಂದ ಸಾಬೂನು ಮಾಡುವ ಕಾರ್ಯ 1918ರಲ್ಲಿಯೂ ಆರಂಭವಾದುವಷ್ಟೆ. ಆ ಸಾಬೂನನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳ ರಸಾಯನವಿದ್ಯೆಯನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಆ ಬಿಲ್ಲೆಗೆ ಅಂಡಾಕೃತಿಯನ್ನು ಕೊಟ್ಟು, ಅದಕ್ಕೊಪ್ಪುವ ಪೆಟ್ಟಿಗೆಯನ್ನು ಕಲ್ಪಿಸಿ, ಸಿಂಹದ ದೇಹಕ್ಕೆ ಆನೆಯ ಶಿರಸ್ಸು ಕೂಡಿದ ಶರಭವನ್ನು ಲಾಂಛನವಾಗಿ ನಿಲ್ಲಿಸಿ, ಊರೂರಿನ ಜನ ಅದನ್ನು ಬಯಸುವಂತೆ ಮಾಡಿದುದೂ ಒಂದು ವಿದ್ಯೆಯೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಮಾರ್ಕೆಟಿಂಗ್ ಎಂದು ಇಂದು ಕರೆಯಲಾಗುವ ಆ ವಿದ್ಯೆಯನ್ನೇ ವೃತ್ತಿಯಾಗಿ ವರಿಸಬೇಕೆಂದು ಬಿ.ಕಾಂ., ಬಿಬಿಎ, ಎಂಬಿಎ ಪದವಿಗಳನ್ನು ಹಿಡಿದು ವರ್ಷವರ್ಷವೂ ಹೊರಬರುವ ನಮ್ಮ ತರುಣ ತರುಣಿಯರನ್ನು ಕುರಿತು ನನ್ನನ್ನು ಕೆಲಕಾಲದಿಂದ ಒಂದು ಚಿಂತೆ ಆವರಿಸಿದೆ.

ಉದ್ಯೋಗಗಳ ಸಂಖ್ಯೆಗಿಂತ ಅವುಗಳ ಸೋಪಾನಕ್ರಮವೇ ನನ್ನನ್ನು ಹೆಚ್ಚು ಕಾಡುತ್ತಿದೆ. 2007ರಲ್ಲಿ ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ ಹುಟ್ಟಿದ ಮೇಲೆ, 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಮತ್ತಷ್ಟು, ಹಿಂದೆ ಹೆಸರೇ ಇಲ್ಲದಿದ್ದ ಹುದ್ದೆಗಳು ಈ ವೃತ್ತಿಯಲ್ಲಿ ತಲೆಯೆತ್ತಿವೆ. ಆದರೆ ಹಿಂದಿನವರು ಏರಿದ ಮೊದಲ ಮೆಟ್ಟಿಲು ಬೀದಿಯಲ್ಲಿತ್ತು. ಕೈಯಲ್ಲಿ ಚೀಲ, ಜೇಬಿನಲ್ಲಿ ಆರ್ಡರ್ ಪುಸ್ತಕ ಹಿಡಿದು, ತನ್ನ ಬೀಟಿನ ನಲವತ್ತು ಅಂಗಡಿಗಳನ್ನು ದಿನವೂ ಸುತ್ತಿ, ಸಂಜೆಗೆ ಧೂಳುಹಿಡಿದ ಬಸ್ಸಿನಲ್ಲಿ ಮರಳುತ್ತಿದ್ದ ಆ ಸೇಲ್ಸ್‌ಮನ್ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಪಾಠವನ್ನು ಕಲಿಯುತ್ತಿದ್ದನು: ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬಿಕರಿಯಾದ ಮೇಲೆಯೇ ಸುತ್ತಲಿನ ಹಳ್ಳಿಗಳ ಅಂಗಡಿಯ ಉದ್ದರಿ ತೀರುವುದೆಂಬುದನ್ನು, ತಿಪಟೂರಿನಲ್ಲಿ ಕೊಬ್ಬರಿಯ ಧಾರಣೆ ಕುಸಿದ ವರ್ಷ ದೊಡ್ಡ ಬಾಟಲಿಯನ್ನು ಬಿಟ್ಟು ಗಿರಾಕಿ ಸಣ್ಣ ಸ್ಯಾಶೆಯನ್ನು ಕೇಳುವನೆಂಬುದನ್ನು, ಮನೆಯೊಡತಿ ಬೇಡವೆಂದಾಗ ಅದು ಬೆಲೆಯ ಮಾತೋ ನಂಬಿಕೆಯ ಮಾತೋ ಎಂಬುದನ್ನು. ಹತ್ತು ವರ್ಷ ಕಳೆದು ಅವನು ಮ್ಯಾನೇಜರನ ಕುರ್ಚಿಯಲ್ಲಿ ಕುಳಿತಾಗ, ಅವನ ನಿರ್ಣಯದ ಹಿಂದೆ ಆ ನಲವತ್ತು ಅಂಗಡಿಗಳ ದನಿ ಇರುತ್ತಿತ್ತು.

ಆ ಮೆಟ್ಟಿಲು ಈಗ ಸವೆಯುತ್ತಿದೆ. ಅಂಗಡಿಯವನು ತನ್ನ ಮೊಬೈಲಿನ ಆಪ್‌ನಲ್ಲಿಯೇ ಸರಕು ತರಿಸಿಕೊಳ್ಳುವನು. ಕಚೇರಿಯೊಳಗೆ ಹೊಸಬರಿಗೆಂದು ಮೀಸಲಾಗಿದ್ದ ಕೆಲಸಗಳನ್ನು, ಎಂದರೆ ಜಾಹೀರಾತಿನ ಮೊದಲ ಕರಡು ಬರೆಯುವುದು, ಸಮೀಕ್ಷೆಯ ಉತ್ತರಗಳನ್ನು ವಿಂಗಡಿಸುವುದು, ಚಿತ್ರಕ್ಕೊಂದು ಅಡಿಬರಹ ಹೊಂದಿಸುವುದು, ಇವೆಲ್ಲವನ್ನೂ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಕಾಣಿಸಿಕೊಂಡಂದಿನಿಂದ ಯಂತ್ರಕ್ಕೆ ಒಪ್ಪಿಸುವ ಪ್ರವೃತ್ತಿ ಪ್ರಬಲವಾಗಿದೆ. ಈಗ ತಾನೇ ಪದವಿ ಪಡೆದವನನ್ನು ಎರಡು ಮೂರು ವರ್ಷದ ಅನುಭವವುಂಟೇ ಎಂದು ಕೇಳುವ ಕಂಪನಿಗಳು, ಆ ಅನುಭವವನ್ನು ಅವನು ಎಲ್ಲಿ ಪಡೆಯಬೇಕೆಂಬ ಪ್ರಶ್ನೆಗೆ ಉತ್ತರವೀಯಬೇಕು. ಇಂದು ಫ್ರೆಷರನ್ನು ಬೇಡವೆನ್ನುವ ಸಂಸ್ಥೆ ಇನ್ನು ಹದಿನೈದು ವರ್ಷಕ್ಕೆ ತನ್ನ ಮುಖ್ಯಾಧಿಕಾರಿಯನ್ನು ಯಾವ ಗರಡಿಯಿಂದ ತರುವುದೋ ನಾನು ಕಾಣೆ.

ಹಳೆಯ ಮೆಟ್ಟಿಲು ಸುಖದ್ದಾಗಿತ್ತೆಂದು ಹೇಳುವವನು ನಾನಲ್ಲ. ತಿಂಗಳ ಕೊನೆಯ ಟಾರ್ಗೆಟ್ಟಿನ ಭಯದಲ್ಲಿ ವೈದ್ಯರ ಬಾಗಿಲಲ್ಲಿ ಗಂಟೆಗಟ್ಟಲೆ ಕಾದುನಿಂತ ಮೆಡಿಕಲ್ ರೆಪ್‌ಗಳ ಬವಣೆಯನ್ನು ಕಂಡ ಪಾರ್ಲಿಮೆಂಟು 1976ರಲ್ಲಿ ಮಾರಾಟ ಪ್ರವರ್ತಕ ನೌಕರರಿಗಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿ, ಲಿಖಿತ ನೇಮಕಾತಿ ಪತ್ರವನ್ನೂ ರಜೆಯ ಹಕ್ಕನ್ನೂ ವಿಧಿಸಿತು. ಆದರೂ ಔದ್ಯೋಗಿಕ ವಿವಾದಗಳ ಕಾನೂನಿನ ಅರ್ಥದಲ್ಲಿ ಅವರು ಕಾರ್ಮಿಕರಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರಲ್ಲಿ ತೀರ್ಮಾನಿಸಿತು. 2020ರ ಕಾರ್ಮಿಕ ಸಂಹಿತೆಗಳು ಅವರನ್ನು ಕಾರ್ಮಿಕರ ಪರಿಭಾಷೆಯೊಳಗೆ ಸೇರಿಸಿರುವುದು ತಡವಾಗಿ ಬಂದ ನ್ಯಾಯ. ಮೊದಲ ಮೆಟ್ಟಿಲನ್ನು ಉಳಿಸಿಕೊಳ್ಳೋಣವೆಂದರೆ ಆ ನ್ಯಾಯದೊಡನೆಯೇ ಉಳಿಸಿಕೊಳ್ಳಬೇಕು.

ಉಪಾಯವು ಕಾನೂನಿನಲ್ಲಿಯೇ ಇದೆ. 1961ರ ಅಪ್ರೆಂಟಿಸ್ ಕಾಯಿದೆ ಮೊದಲು ಯಂತ್ರಶಾಲೆಗಳ ಹುಡುಗರಿಗೆಂದು ಹುಟ್ಟಿದುದಾದರೂ, 2014ರ ತಿದ್ದುಪಡಿಯಿಂದ ಎಂಜಿನಿಯರಿಂಗೇತರ ಪದವೀಧರರಿಗೂ ತೆರೆದಿದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ತನ್ನ ನೌಕರಬಲದ ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂಬ ನಿಯಮವೂ ಇದೆ. ಆ ಸ್ಥಾನಗಳಲ್ಲಿ ಕೆಲವನ್ನಾದರೂ ಮಾರ್ಕೆಟಿಂಗ್ ವಿಭಾಗಕ್ಕೆ ಮೀಸಲಿಟ್ಟು, ಅಲ್ಲಿಗೆ ಬಂದವರನ್ನು ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂರಿಸದೆ ಹಾವೇರಿಗೋ ಯಾದಗಿರಿಗೋ ಕಳುಹಿಸಿದರೆ, ಅಲ್ಲಿನ ನುಡಿಯೂ ಅವರ ಬಂಡವಾಳವಾಗುವುದು. ಮುಂಬಯಿಯಲ್ಲಿ ಹಿಂದಿಯಲ್ಲಿ ಯೋಚಿಸಿ ಆಮೇಲೆ ಕನ್ನಡಕ್ಕೆ ತಿರುಗಿಸಿದ ಜಾಹೀರಾತು ಕಲಬುರಗಿಯ ಕಿವಿಗೂ ಮಂಗಳೂರಿನ ಕಿವಿಗೂ ಸಮಾನವಾಗಿ ಅಪರಿಚಿತವಾಗಿರುವುದನ್ನು ನಾವು ದಿನವೂ ಕೇಳುತ್ತೇವೆ. ಗಿರಾಕಿಯ ಜಗಲಿಯಲ್ಲಿ ಕುಳಿತು ಅವನ ಕನ್ನಡವನ್ನು ಕೇಳಿ ಬಂದವಳ ಲೇಖನಿಯಿಂದ ಅಂತಹ ಮಾತು ಹೊರಡಲಾರದು. ನಂದಿನಿಯಂತಹ ಹೆಸರನ್ನು ಮನೆಮನೆಗೆ ಮುಟ್ಟಿಸಿರುವ ನಮ್ಮ ಹಾಲು ಮಹಾಮಂಡಲ ಈ ಕಾರ್ಯದಲ್ಲಿ ಮುಂದಾಗಬೇಕೆಂದು ನನ್ನ ಬಿನ್ನಹ.

ಬರುವ ಮೆಣಸಿನಕಾಯಿ ಸುಗ್ಗಿಯಲ್ಲಿ, ಬ್ಯಾಡಗಿಯ ಪ್ರಾಂಗಣದ ಕೆಂಪು ರಾಶಿಗಳ ನಡುವೆ, ಅದೇ ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಕಾಂ. ಓದಿದ ಹುಡುಗಿಯೊಬ್ಬಳು ಸಂಸ್ಥೆಯೊಂದರ ನೇಮಕಾತಿ ಪತ್ರವನ್ನು ಚೀಲದಲ್ಲಿಟ್ಟುಕೊಂಡು, ರೈತನ ಲೆಕ್ಕವನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಕಾಣಬೇಕೆಂದು ನನ್ನ ಆಸೆ.