ಹದಿನಾರು ಸೆಕೆಂಡಿನ ಖರ್ಚು

ಹೋದ ತಿಂಗಳು ಕಲ್ಯಾಣಮಂಟಪದ ಬಾಡಿಗೆ ಲೆಕ್ಕ ಬರೆದಿದ್ದೆ. ಅದನ್ನು ಓದಿದವರಲ್ಲಿ ನಮ್ಮ ಅಕ್ಕನ ಮಗನೂ ಒಬ್ಬ. ಓದಿ ಸುಮ್ಮನಿರದೆ, "ಮಾವ, ನನಗೂ ಒಂದು ಲೆಕ್ಕ ಹಾಕಿಕೊಡಿ" ಅಂತ ಅಂಬತ್ತೂರಿನ ನಮ್ಮ ಮನೆಗೇ ಬಂದ. ಹಾಸನದ ಹುಡುಗ, ವಯಸ್ಸು 24. ಒರಗಡಂ ಕಡೆ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಕೆಲಸ, ಕೈಗೆ ಬರುವುದು ತಿಂಗಳಿಗೆ 31 ಸಾವಿರ. ಬೈಕ್ ಡ್ರ್ಯಾಗ್ ರೇಸಿಗೆ ಇಳಿಯಬೇಕಂತೆ, ಎಷ್ಟು ಬೇಕಾಗುತ್ತದೆ?

"ನಿಮ್ಮಮ್ಮನಿಗೆ ಹೇಳಿದ್ದೀಯಾ?" ಅಂದೆ. "ಹೇಳೋಕೇ ಲೆಕ್ಕ ಬೇಕು" ಅಂದ.

ಬೇರೆಯವರ ಮನೆ ಹುಡುಗನಾಗಿದ್ದರೆ ಟೀ ಕುಡಿಸಿ ಕಳಿಸುತ್ತಿದ್ದೆನೇನೋ. ಆದರೆ ಇವನ ರೂಮಿನಲ್ಲಿದ್ದ ಇನ್ನೊಬ್ಬ ಹುಡುಗ ಕಳೆದ ವರ್ಷ ವಂಡಲೂರು–ಮಿಂಜೂರು ಹೊರವರ್ತುಲ ರಸ್ತೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಪಂದ್ಯ ಕಟ್ಟಿ ಬಿದ್ದ. ತೊಡೆಮೂಳೆಗೆ ರಾಡು ಹಾಕಿಸಿಕೊಂಡು ಊರಿಗೆ ಹೋದವನು ಇನ್ನೂ ಕೆಲಸಕ್ಕೆ ವಾಪಸ್ ಬಂದಿಲ್ಲ. ಆ ರಸ್ತೆಗೆ ಇವನೂ ಹೋಗುತ್ತಾನೆ ಅನ್ನುವುದು ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ರಸ್ತೆಯ ಮೇಲಿನ ಪಂದ್ಯಕ್ಕೆ ಎಂಟ್ರಿ ಫೀಸ್ ಇಲ್ಲ, ಸೂಟ್ ಬೇಡ, ಲೈಸೆನ್ಸ್ ಬೇಡ. ಹುಡುಗರಿಗೆ ಅದು ಪುಕ್ಕಟೆ ಅನ್ನಿಸುತ್ತದೆ. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಮೊದಲ ಸಲ 5,000 ರೂಪಾಯಿವರೆಗೆ, ಮತ್ತೆ ಸಿಕ್ಕರೆ 10,000ದವರೆಗೆ ದಂಡ. ಜೈಲೂ ಆಗಬಹುದು. ಎದುರಿಗೆ ಬರುವವನ ಪ್ರಾಣಕ್ಕೆ ಯಾವ ಕಲಮಿನಲ್ಲೂ ಬೆಲೆ ಬರೆದಿಲ್ಲ. ಹಾಗಾಗಿ ಕಾಗದ ತೆಗೆದುಕೊಂಡು ಕೂತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡ್ರ್ಯಾಗ್ ರೇಸ್ ಅಂದರೆ ನೇರ ದಾರಿಯಲ್ಲಿ ಇಬ್ಬರ ಓಟ. ತಿರುವು ಇಲ್ಲ. ದೂರ ಸಾಮಾನ್ಯವಾಗಿ 402 ಮೀಟರ್, ಅಂದರೆ ಕಾಲು ಮೈಲಿ. ಮುಂದೆ ಒಂದು ಕಂಬದಲ್ಲಿ ದೀಪಗಳು. ಹಸಿರಿಗಿಂತ ಮೊದಲೇ ಹೊರಟರೆ ಕೆಂಪು ಬಿತ್ತು, ಆಟ ಮುಗಿಯಿತು. ನಮ್ಮ ಹುಡುಗರು ಆಫೀಸಿಗೆ ಓಡಿಸುವ 200 ಸಿಸಿ ಬೈಕು ಇಷ್ಟು ದೂರ ಹೋಗಲು ಹದಿನಾರು ಹದಿನೇಳು ಸೆಕೆಂಡು ತೆಗೆದುಕೊಳ್ಳುತ್ತದೆ. ಹಯಬೂಸಾದಂಥ ದೊಡ್ಡ ಯಂತ್ರವಾದರೆ ಹತ್ತರ ಆಸುಪಾಸು. ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು ಇಂಥ ದೊಡ್ಡ ಬೈಕುಗಳ ಮೇಲೆ. ಹುಡುಗನ ಫೋನಿನ ತುಂಬ ಅವರದೇ ವಿಡಿಯೋ.

ನೇರ ದಾರಿ ಸಾಕಾದ್ದರಿಂದ ಈ ಆಟ ವಿಮಾನದ ಪಟ್ಟಿಗಳ ಮೇಲೂ ನಡೆಯುತ್ತದೆ. ಲೋನಾವಳದ ಹತ್ತಿರದ ಆಂಬಿ ವ್ಯಾಲಿಯ ಕೂಟ ಮುಂಬೈ, ಪುಣೆ ಓದುಗರಿಗೆ ಗೊತ್ತಿರಬಹುದು. ಚೆನ್ನೈನವರಿಗೆ ಇರುಂಗಾಟ್ಟುಕೊಟ್ಟೈ ಟ್ರ್ಯಾಕ್ ಇದೆ. ಅದಕ್ಕಿಂತ ಮೊದಲು ಇಲ್ಲಿಯ ರೇಸುಗಳೆಲ್ಲ ನಡೆಯುತ್ತಿದ್ದದ್ದು ಷೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ. ನಮ್ಮ ಆಫೀಸಿನ ಹಿರಿಯರೊಬ್ಬರು ಟಿಫಿನ್ ಕ್ಯಾರಿಯರ್ ಕಟ್ಟಿಕೊಂಡು ಷೋಲಾವರಂಗೆ ಹೋದ ಕಥೆಯನ್ನು ರಿಟೈರ್ ಆಗುವ ದಿನವೂ ಹೇಳಿದರು.

ಹುಡುಗ ತಾನೇ ಒಂದು ಪಟ್ಟಿ ಬರೆದುಕೊಂಡು ಬಂದಿದ್ದ. ಎಂಜಿನ್ ಕೆಲಸಕ್ಕೆ 70 ಸಾವಿರ: ದೊಡ್ಡ ಬೋರ್, ಪಿಸ್ಟನ್, ಸೈಲೆನ್ಸರ್, ಇನ್ನೂ ಏನೇನೋ. ಹೆಲ್ಮೆಟ್, ಸೂಟ್, ಬೂಟು ಎಲ್ಲ ಸೇರಿ 15 ಸಾವಿರ. ಬೈಕಿಗೆ ಖರ್ಚೇ ಇಲ್ಲ, ಈಗ ಓಡಿಸುತ್ತಿರುವುದೇ ಸಾಕು. ಅದರ ಸಾಲದ ಕಂತು ಇನ್ನೂ 14 ಬಾಕಿ.

ನಾನು ಪಟ್ಟಿಯನ್ನು ತಲೆಕೆಳಗು ಮಾಡಿದೆ. ಮೊದಲು ಮೈಮೇಲಿನದು. ಒಳ್ಳೆಯ ಫುಲ್ ಫೇಸ್ ಹೆಲ್ಮೆಟ್ 14,000, ಚರ್ಮದ ಒಂದೇ ತುಂಡಿನ ಸೂಟ್ 38,000, ಗ್ಲೌಸ್ 6,500, ಬೂಟು 15,000, ಬೆನ್ನಿನ ಕಾಪು 7,000. ಒಟ್ಟು 80,500. ಅಣ್ಣಾ ಸಾಲೈ ಹತ್ತಿರದ ಎರಡು ಅಂಗಡಿ ಸುತ್ತಿ ಕೇಳಿದ ರೇಟು ಇದು. ಮೇಲಕ್ಕೆ ಮಿತಿಯಿಲ್ಲ. ಬೀಳದ ಸೂಟ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹೊಲಿಗೆ ನೋಡಿ ತೆಗೆದುಕೊಳ್ಳಲಿ, ಅಭ್ಯಂತರವಿಲ್ಲ. ಹೆಲ್ಮೆಟ್ ಮಾತ್ರ ಯಾರ ತಲೆಯದ್ದೂ ಬೇಡ. ಒಮ್ಮೆ ಪೆಟ್ಟು ತಿಂದರೆ ಒಳಗಿನ ಥರ್ಮಾಕೋಲ್ ಅದುಮಿಹೋಗಿರುತ್ತದೆ, ಹೊರಗಿನ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ.

ಕಂತಿನ ಬೈಕು ಬೇಡವೇ ಬೇಡ. ಸಾಲ ತೀರುವವರೆಗೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರೂ ಇರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇನ್ಶೂರೆನ್ಸ್. ಅವನ ಪಾಲಿಸಿ ತರಿಸಿ ಕನ್ನಡಕ ಹಾಕಿಕೊಂಡು ಓದಿದೆ. ಬಳಕೆಯ ಮಿತಿ ಅಂತ ಒಂದು ಸಣ್ಣಕ್ಷರದ ಸಾಲು ಎಲ್ಲರ ವಾಹನ ಪಾಲಿಸಿಯಲ್ಲೂ ಇದೆ, ನಿಮ್ಮದರಲ್ಲೂ ನೋಡಿ: ಸಂಘಟಿತ ರೇಸ್, ವೇಗದ ಪರೀಕ್ಷೆ ಇವಕ್ಕೆ ಪಾಲಿಸಿ ಅನ್ವಯಿಸುವುದಿಲ್ಲ. ಟ್ರ್ಯಾಕಿನಲ್ಲಿ ಬೈಕು ಎರಡು ತುಂಡಾದರೂ ಒಂದು ರೂಪಾಯಿ ಬರುವುದಿಲ್ಲ, ಬಾಕಿ ಕಂತು ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಆಸ್ಪತ್ರೆ ಖರ್ಚಿನ ಪಾಲಿಸಿಗಳಲ್ಲೂ ಮೋಟಾರ್ ರೇಸಿಂಗ್ ಹೆಸರು ಹೇಳಿಯೇ ಒಂದು ಷರತ್ತಿದೆ. ಅಲ್ಲಿ "ವೃತ್ತಿಪರವಾಗಿ ಭಾಗವಹಿಸಿದರೆ" ಎಂಬ ಮಾತಿದೆ, ಇವನು ಹವ್ಯಾಸಿ. ಆ ಒಂದು ಪದದ ಮೇಲೆ ಲಕ್ಷಾಂತರ ರೂಪಾಯಿ ನಿಂತಿರುವುದರಿಂದ, ಕಂಪನಿಯ ಎಚ್‌ಆರ್‌ಗೆ ಮೇಲ್ ಮಾಡಿ ಉತ್ತರವನ್ನು ಬರಹದಲ್ಲೇ ಪಡೆದುಕೋ ಅಂದೆ. ಬಾಯಿಮಾತಿನ "ಆಗುತ್ತೆ ಬಿಡಿ" ಕ್ಲೇಮಿನ ದಿನ ಯಾರಿಗೂ ನೆನಪಿರುವುದಿಲ್ಲ.

ಹಾಗಾಗಿ ಹಳೆಯ ಬೈಕು ಬೇರೆ: 60,000. ಅವನಿಗೆ ಆರ್‌ಎಕ್ಸ್ 135 ಆಸೆ. ಆ ಯಮಹಾಗಳ ಬೆಲೆ ಈಗ ಬಂಗಾರದ ಜೊತೆ ಓಡುತ್ತಿದೆ, ಟು ಸ್ಟ್ರೋಕ್ ಹೊಗೆಗೆ ಅಷ್ಟು ದುಡ್ಡು ಕೊಡಲಾರೆ ಅಂತ ನಾನೇ ಅಡ್ಡಹಾಕಿದೆ. ಸಿದ್ಧಪಡಿಸಲು 22,000: ಟೈರು, ಬ್ರೇಕು, ಕ್ಲಚ್ ಪ್ಲೇಟು, ಚೈನು, ಹಿಂದಿನ ಸ್ಪ್ರಾಕೆಟ್. ಎಂಜಿನ್ ಬಿಚ್ಚುವ ಮೊದಲು ಸ್ಪ್ರಾಕೆಟ್ಟಿನ ಹಲ್ಲು ಎರಡು ಮೂರು ಹೆಚ್ಚುಕಡಿಮೆ ಮಾಡಿ ನೋಡು ಅಂತ ಪಾಡಿಯ ಮೆಕಾನಿಕ್ಕೇ ಹೇಳಿದ. ದುಡ್ಡು ಬರುವ ಕೆಲಸ ಬಿಟ್ಟುಕೊಟ್ಟು ಹಾಗೆ ಹೇಳಿದನಲ್ಲ, ಅವನ ಬಗ್ಗೆ ನನಗೆ ಗೌರವ ಹುಟ್ಟಿತು. ಎಂಜಿನ್ನಿಗೆ ಬಲ ತುಂಬಿದರೆ ಕ್ಲಚ್ ಸೋಲುತ್ತದೆ, ಕ್ಲಚ್ ಬಲಪಡಿಸಿದರೆ ಚೈನು, ಚೈನಾದ ಮೇಲೆ ಗೇರು. ಹಳೆಯ ಮನೆ ರಿಪೇರಿ ಮಾಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಮೋಟಾರ್ ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎಫ್‌ಎಂಎಸ್‌ಸಿಐ. ಅದರ ಸ್ಪರ್ಧಾ ಲೈಸೆನ್ಸ್, ಡಾಕ್ಟರ ಸರ್ಟಿಫಿಕೇಟ್, ಓಡಾಟಕ್ಕೆಲ್ಲ 5,000 ಇಟ್ಟೆ. ವರ್ಷಕ್ಕೆ ಮೂರು ಕೂಟ ಸಾಕು. ಒಂದೊಂದಕ್ಕೆ ಎಂಟ್ರಿ 3,000, ಅದೂ ಒಂದು ವರ್ಗಕ್ಕೆ. ರೇಸಿಗೆಂದು ಬದಲಾಯಿಸಿದ ಬೈಕನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಟಾಟಾ ಏಸ್ ಬೇಕು. ಇಲ್ಲಿಯವರು ಅದನ್ನು ಕುಟ್ಟಿ ಯಾನೈ, ಮರಿಯಾನೆ, ಅನ್ನುತ್ತಾರೆ. ಹೋಗಿಬರಲು, ಕಾಯಲು, ಸಹಾಯಕ್ಕೆ ಬರುವ ಹುಡುಗನ ಊಟಕ್ಕೆ 4,000. ಕ್ಲಚ್ ಪ್ಲೇಟು, ಪೆಟ್ರೋಲು 3,500. ಮೂರು ಕೂಟಕ್ಕೆ 31,500. ಎಲ್ಲ ಕೂಡಿಸಿದರೆ 1,99,000. ಬಿದ್ದರೆ ಇರಲಿ ಅಂತ ಬ್ಯಾಂಕಿನಲ್ಲಿ ಮುಟ್ಟದೆ ಇಡಬೇಕಾದ 50,000 ಸೇರಿಸಿ 2,49,000. ಅವನ ಎಂಟು ತಿಂಗಳ ಸಂಬಳ. ಹುಡುಗ ಕಾಗದವನ್ನು ಎರಡು ಸಲ ಕೂಡಿಸಿ ನೋಡಿದ.

ಅಮೆರಿಕದಲ್ಲಿ ಈ ಖರ್ಚಿಗೆ ಒಂದು ಉಪಾಯ ಕಂಡುಕೊಂಡಿದ್ದಾರೆ. ರಸ್ತೆಯ ಪಂದ್ಯ ಬಿಡಿಸಿ ಹುಡುಗರನ್ನು ಟ್ರ್ಯಾಕಿಗೆ ತರಬೇಕೆಂದು ವಾಲಿ ಪಾರ್ಕ್ಸ್ ಎಂಬಾತ 1951ರಲ್ಲಿ ಅಲ್ಲಿ ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿದ. ಅಲ್ಲಿಯ ಹವ್ಯಾಸಿಗಳ ಬ್ರ್ಯಾಕೆಟ್ ರೇಸಿನಲ್ಲಿ ಓಡುವ ಮೊದಲೇ ನಿಮ್ಮ ಗಾಡಿ ಎಷ್ಟು ಸೆಕೆಂಡಿಗೆ ಮುಟ್ಟುತ್ತದೆಂದು ಬರೆದುಕೊಡಬೇಕು. ನಿಧಾನದ ಗಾಡಿಯನ್ನು ಆ ವ್ಯತ್ಯಾಸದಷ್ಟು ಮೊದಲು ಬಿಡುತ್ತಾರೆ. ಹೇಳಿದ್ದಕ್ಕಿಂತ ಬೇಗ ಮುಟ್ಟಿದರೆ ಸಾಮಾನ್ಯವಾಗಿ ಸೋಲು. ಹೀಗಾಗಿ ಅಪ್ಪನ ಕಾಲದ ಕಾರು ತಂದವನೂ ಕೈ ಪಳಗಿದ್ದರೆ ಗೆಲ್ಲಬಹುದು. ನಾನು ಹೋಗಿ ನೋಡಿದ ಕೂಟದಲ್ಲಿ ಕಡಿಮೆ ಸಮಯ ತೆಗೆದುಕೊಂಡವನೇ ಗೆದ್ದವನು. ಒಂದೇ ವರ್ಗದೊಳಗೆ ಜೇಬು ದೊಡ್ಡದಿದ್ದವನಿಗೆ ಅನುಕೂಲ. ಬ್ರ್ಯಾಕೆಟ್ ಪದ್ಧತಿಯನ್ನು ನಮ್ಮ ಆಯೋಜಕರೂ ಹೆಚ್ಚು ನಡೆಸಿದರೆ ರಾತ್ರಿ ಹೊರವರ್ತುಲ ರಸ್ತೆಗೆ ಹೋಗುವ ಹುಡುಗರಲ್ಲಿ ಕೆಲವರಾದರೂ ಹಗಲು ಟ್ರ್ಯಾಕಿಗೆ ಬಂದಾರು.

ಅಕ್ಕನಿಗೆ ಫೋನ್ ಮಾಡಿದ್ದು ನಾನೇ. ಹೊರವರ್ತುಲ ರಸ್ತೆಯ ವಿಷಯ ಮೊದಲು ಹೇಳಿದೆ, ದುಡ್ಡಿನ ವಿಷಯ ಆಮೇಲೆ. ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಬೇಡ ಅಂದ್ರೆ ರಸ್ತೆ ಮೇಲೆ ಹೋಗ್ತಾನೆ, ಅಲ್ವೇನೋ?" ಅಂದಳು. "ಹೋಗಬಹುದು ಕಣಕ್ಕಾ" ಅಂದೆ. "ಇನ್ನು ಆ ರಸ್ತೆ ಕಡೆ ಹೋಗಲ್ಲ ಅಂತ ನಿನ್ನ ಕಾಗದದ ಮೇಲೇ ಬರೆದು ಸೈನ್ ಹಾಕ್ಲಿ. ಬೈಕಿಗೆ ನಾನು ಒಂದು ಕಾಸೂ ಕೊಡಲ್ಲ. ಹೆಲ್ಮೆಟ್ ದುಡ್ಡು ಕಳಿಸ್ತೀನಿ."

ಹುಡುಗ ಸೈನ್ ಹಾಕಿದ್ದಾನೆ. ತಿಂಗಳಿಗೆ ಏಳು ಸಾವಿರ ಉಳಿಸಿದರೆ ಕಂತು ತೀರುವಷ್ಟರಲ್ಲಿ ಮೈಮೇಲಿನದೆಲ್ಲ ಕೊಂಡಾಗಿರುತ್ತದೆ, ಹಳೆಯ ಬೈಕಿನ ಮಾತು ಅದಾದ ಮೇಲೆ. ಹೆಲ್ಮೆಟ್ ಬಂತು. ಹೋದ ವಾರ ಬೂಟೂ ತಂದ. ಎಚ್‌ಆರ್ ಉತ್ತರ ಇನ್ನೂ ಬಂದಿಲ್ಲ.